ಸ್ಟೀಫನ್ ಕಿಂಗ್ ಅವರ ‘ಇಟ್’: ಅರ್ಧಕ್ಕೆ ನಿಲ್ಲಿಸಿದ್ದೇನೆ, ಮುಂದೆ ಓದಲಾ?

ಪ್ರಶ್ನೆ:
ಮೂರು ವಾರದಿಂದ ‘ಇಟ್’ ಹಿಡಿದಿದ್ದೇನೆ. ಸಾವಿರ ಪುಟ ದಾಟುವ ಭಯಾನಕ ಕಾದಂಬರಿ. ಮಲಗಿಕೊಂಡು ಓದಿದರೆ ಕೈ ಸೋಲುತ್ತದೆ. ಮೊದಲ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿದೆ. 1957ರ ಮಳೆ, ಕಾಗದದ ದೋಣಿ ಹಿಂದೆ ಓಡುವ ಪುಟ್ಟ ಜಾರ್ಜಿ, ಚರಂಡಿಯೊಳಗಿಂದ ಮಾತಾಡಿಸುವ ಜೋಕರ್. ಆಮೇಲೆ 1985. ದೊಡ್ಡವರಾದ ಆರು ಬಾಲ್ಯದ ಗೆಳೆಯರಿಗೆ, ಅದೇ ಗುಂಪಿನ ಮೈಕ್ ಫೋನ್ ಮಾಡುತ್ತಾನೆ. ಅಲ್ಲಿ ಅವರಲ್ಲೊಬ್ಬನಾದ ಸ್ಟ್ಯಾನ್‌ಗೆ ಆಗಿದ್ದನ್ನು ಓದಿ ಪುಸ್ತಕ ಮುಚ್ಚಿಟ್ಟೆ.

ಭಯಕ್ಕೆ ಮುಚ್ಚಿದ್ದಲ್ಲ. ಇವರೆಲ್ಲ ಡೆರಿ ಊರು ಬಿಟ್ಟು, ಚೆನ್ನಾಗಿ ದುಡಿದು, ಚಿಕ್ಕವರಿದ್ದಾಗ ಆ ಜೋಕರ್‌ಗೆ ಹೆದರಿ ಕಳೆದ ಬೇಸಿಗೆಯನ್ನೇ ಪೂರ್ತಿ ಮರೆತಿದ್ದಾರಲ್ಲ, ಅದನ್ನು ನಂಬಲು ಆಗುತ್ತಿಲ್ಲ. ಅಷ್ಟು ಹೆದರಿದ್ದನ್ನು ಯಾರಾದರೂ ಮರೆಯುತ್ತಾರಾ? ಕೊನೆ ಮಾತ್ರ ಹೇಳಬೇಡಿ, ಪ್ಲೀಸ್.

ಉತ್ತರ 1:
ಬಿಡಬೇಡಿ. 2017 ಮತ್ತು 2019ರ ಸಿನಿಮಾಗಳನ್ನು ನೋಡಿ ಮುಗಿಸೋಣ ಅಂತಲೂ ಅಂದುಕೊಳ್ಳಬೇಡಿ. ಅಲ್ಲಿ ಬಾಲ್ಯದ್ದು ಒಂದು ಸಿನಿಮಾ, ದೊಡ್ಡವರಾದ ಮೇಲಿನದ್ದು ಇನ್ನೊಂದು. ಪುಸ್ತಕದಲ್ಲಿ ಎರಡೂ ಕಾಲ ಜಡೆ ಹೆಣೆದ ಹಾಗೆ ಬರುತ್ತವೆ. ಅವರಿಗೆ ನೆನಪು ವಾಪಸ್ ಬಂದಾಗಲೇ ನಮಗೂ ವಿಷಯ ತಿಳಿಯುತ್ತದೆ.

ಉತ್ತರ 2:
ನೀವು ಇನ್ನೂ ಆ ಗುಂಪಿನ ಹುಡುಗಿ ಬೆವರ್ಲಿಯ ಬಚ್ಚಲಮನೆಗೆ ಬಂದಿಲ್ಲ ಅನ್ನಿಸುತ್ತದೆ. ಸಿಂಕಿನ ತೂಬಿನಿಂದ ಸತ್ತ ಮಕ್ಕಳ ದನಿ ಕೇಳುತ್ತದೆ, ಆಮೇಲೆ ರಕ್ತ ಚಿಮ್ಮುತ್ತದೆ. ಅಪ್ಪ ಬಂದು ನೋಡಿದರೆ ಅವನಿಗೆ ಏನೂ ಕಾಣುವುದಿಲ್ಲ. ಅವಳು ಗೆಳೆಯರನ್ನು ಕರೆದುಕೊಂಡು ಬರುತ್ತಾಳೆ. ಅವರಿಗೆ ಕಾಣುತ್ತದೆ! ಎಲ್ಲರೂ ಸೇರಿ ಬಟ್ಟೆಯಲ್ಲಿ ಒರೆಸಿ ತೆಗೆದು, ಆ ಬಟ್ಟೆಗಳನ್ನು ಒಗೆಯಲು ಹೊರಗೆ ತೆಗೆದುಕೊಂಡು ಹೋಗುತ್ತಾರೆ. ನನಗೆ ಇಡೀ ಪುಸ್ತಕ ಅಂದರೆ ಆ ಮಧ್ಯಾಹ್ನವೇ.

ಡೆರಿಯಲ್ಲಿ ದೊಡ್ಡವರು ನೋಡಿಯೂ ನೋಡದ ಹಾಗೆ ಇರುತ್ತಾರೆ. ಮಧ್ಯೆ ಮಧ್ಯೆ ಬರುವ ಮೈಕ್‌ನ ಟಿಪ್ಪಣಿಗಳನ್ನು ದಯವಿಟ್ಟು ಹಾರಿಸಬೇಡಿ. ಬ್ರಾಡ್ಲಿ ಗ್ಯಾಂಗ್ ಎಂಬ ದರೋಡೆಕೋರರ ಗುಂಪನ್ನು ಊರವರೇ ಗುಂಡಿಟ್ಟು ಕೊಂದ ಕತೆ ಅಲ್ಲಿದೆ. ಅದು ಪೂರ್ತಿ ಕಲ್ಪನೆಯಲ್ಲ. ಕಿಂಗ್ ಬಹುಕಾಲ ಬದುಕಿದ ಊರು ಅಮೆರಿಕದ ಮೇನ್ ರಾಜ್ಯದ ಬ್ಯಾಂಗೋರ್. ಡೆರಿಗೆ ಅದೇ ಮಾದರಿ. ಅಲ್ಲಿ 1937ರ ಅಕ್ಟೋಬರ್‌ನಲ್ಲಿ ಅಲ್ ಬ್ರೇಡಿ ಎಂಬ ದರೋಡೆಕೋರ ನಡುಬೀದಿಯಲ್ಲಿ ಎಫ್‌ಬಿಐ ಗುಂಡಿಗೆ ಸತ್ತ.

ಮರೆವಿನ ಬಗ್ಗೆ ಕೇಳಿದಿರಿ. ಏಳು ಜನರಲ್ಲಿ ಊರಲ್ಲೇ ಉಳಿದವನು ಮೈಕ್ ಒಬ್ಬನೇ, ಅಲ್ವಾ? ಗ್ರಂಥಾಲಯದಲ್ಲಿ ಕೆಲಸ, ಸಣ್ಣ ಸಂಬಳ. ನೆನಪಿರುವುದೂ ಅವನಿಗೇ. ಒಮ್ಮೆ ನಿಮ್ಮ ಊರಲ್ಲಿ ಉಳಿದವರನ್ನು ಕೇಳಿ ನೋಡಿ.

ಪ್ರಶ್ನೆ ಕೇಳಿದವಳು:
ಹನ್ನೆರಡು ದಿನ ಆಯಿತು, ಕ್ಷಮಿಸಿ. ಬಚ್ಚಲಮನೆಯ ಅಧ್ಯಾಯ ಓದಿದ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ. ಅವನು ಸಾಗರದ ಹತ್ತಿರ ನಮ್ಮ ಹಳೇ ಮನೆಯಲ್ಲೇ ಇದ್ದಾನೆ, ತೋಟ ನೋಡಿಕೊಂಡು. ನಾನು ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷ. “ಚಿಕ್ಕವಳಿದ್ದಾಗ ನಾನು ಯಾವುದಕ್ಕಾದರೂ ಹೆದರುತ್ತಿದ್ದೆನಾ?” ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಬಚ್ಚಲ ತೂಬಿಗೆ. ಅದರೊಳಗೆ ಯಾರೋ ಉಸಿರಾಡ್ತಾರೆ ಅಂತ ಅಳ್ತಿದ್ದೆ. ಅಪ್ಪ ಬೈದು ಒಳಗೆ ಕಳಿಸ್ತಿದ್ದರು. ನಾನು ಹೊರಗೆ ಹಂಡೆ ಒಲೆ ಮುಂದೆ ಕೂತು ಮಗ್ಗಿ ಹೇಳ್ತಿದ್ದೆ, ನೀನು ಸ್ನಾನ ಮುಗಿಸೋವರೆಗೂ. ನಿಲ್ಲಿಸಿದ್ರೆ ಕಿರುಚ್ತಿದ್ದೆ” ಅಂದ.

ನನಗೆ ಒಂದಿಷ್ಟೂ ನೆನಪಿರಲಿಲ್ಲ. ಹದಿನಾರರ ಮಗ್ಗಿ ಇವತ್ತಿಗೂ ನನಗೆ ಬಾಯಿಗೆ ಬರುತ್ತದೆ. ಎಲ್ಲಿ ಕಲಿತೆ ಅಂತ ಯಾವತ್ತೂ ಯೋಚಿಸಿರಲಿಲ್ಲ.

“ನೀನು ಹೆದರಲಿಲ್ವಾ?” ಅಂತ ಕೇಳಿದೆ. “ನನ್ನ ಸ್ನಾನಕ್ಕೆ ಹೊರಗೆ ಕೂರೋಕೆ ಯಾರೂ ಇರಲಿಲ್ಲ” ಅಂದ.

ಈಗ 640ನೇ ಪುಟದಲ್ಲಿದ್ದೇನೆ. ಬರುವ ಶನಿವಾರ ಊರಿಗೆ ಹೊರಟಿದ್ದೇನೆ, ಪುಸ್ತಕವೂ ಜೊತೆಗೆ.