ಮೆಕ್ಕೆಜೋಳದ ಸೈನಿಕ ಹುಳುವಿಗೆ ಬಿಟಿ ಪುಡಿ ಹೊಡೆಯಬಹುದಾ? ಪಕ್ಕದಲ್ಲೇ ರೇಷ್ಮೆ ತೋಟ ಇದೆ

ಜಗಳೂರು ಜೋಳ:
ನಮ್ಮದು ಜಗಳೂರು ತಾಲ್ಲೂಕು, ಎರಡೂವರೆ ಎಕರೆ ಮೆಕ್ಕೆಜೋಳ. ಪೈರು ಮೊಣಕಾಲುದ್ದ ಬಂದಿದೆ. ಎಲೆ ಕೆರೆದು ಬಿಳಿ ಪೊರೆ ಮಾತ್ರ ಉಳಿದಿದೆ, ಸುಳಿ ಬಿಡಿಸಿದರೆ ಸಣ್ಣ ಸಣ್ಣ ಹುಳ. ಪ್ರತಿ ವರ್ಷ ಎಮಾಮೆಕ್ಟಿನ್ ಅನ್ನೋ ಕೀಟನಾಶಕ ಹೊಡೆಯುತ್ತಿದ್ದೆ. ಈ ಸಲ ಗೊಬ್ಬರದ ಅಂಗಡಿಯವರು ಬಿಟಿ ಪುಡಿ ಕೊಟ್ಟರು. ಬ್ಯಾಕ್ಟೀರಿಯಾ ಔಷಧಿ, ದನಕ್ಕೆ ಮೇವು ಕೊಯ್ದರೂ ಭಯವಿಲ್ಲ ಅಂದರು. ಆದರೆ ಮೂಡಣ ಬದುವಿನ ಆಚೆಗೆ ಪಕ್ಕದವರ ಹಿಪ್ಪುನೇರಳೆ ಇದೆ. ಅವರ ಮನೆಯಲ್ಲಿ ಈಗ ರೇಷ್ಮೆ ಹುಳ ಮೇಯುತ್ತಿವೆ. ಹೊಡೆಯಲಾ ಬೇಡವಾ?

ಹರಿಹರದವ:
ಸುಮ್ನೆ ಹೊಡೀರಿ ಅಣ್ಣ. ಸಾವಯವ ಅದು, ಏನೂ ಆಗಲ್ಲ.

ಭರಮಸಾಗರ ರೇಷ್ಮೆ:
ಏನೂ ಆಗಲ್ಲ ಅನ್ನೋದು ದನಕ್ಕೆ ಸರಿ, ಮನುಷ್ಯರಿಗೂ ಸರಿ. ರೇಷ್ಮೆ ಹುಳಕ್ಕೆ ಅಲ್ಲ. ಹರಿಹರದವರೇ, ಸಾವಯವ ಅಂದ ಮಾತ್ರಕ್ಕೆ ಸಾಧು ಅಂತಲ್ಲ. ನಾನು ಹುಳ ಸಾಕುವವನು, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ರೇಷ್ಮೆ ಹುಳದಲ್ಲಿ. 1901ರಲ್ಲಿ ಜಪಾನಿನ ಇಶಿವಾಟಾ ಎಂಬ ವಿಜ್ಞಾನಿ, ಹುಳಗಳು ದಿಢೀರನೆ ಸಾಯುವ ರೋಗದ ಕಾರಣ ಹುಡುಕುವಾಗ ಇದನ್ನು ಕಂಡರು. ಆಮೇಲೆ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಹುಳದಲ್ಲಿ ಕಂಡು, ಅಲ್ಲಿನ ತುರಿಂಗಿಯಾ ಸೀಮೆಯ ಹೆಸರಿಟ್ಟರು. ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ನಮ್ಮ ಹತ್ತಿಗೆ ಸೇರಿಸಿದ ಜೀನ್ ಕೂಡ ಇದರದ್ದೇ.

ಪುಡಿಯಲ್ಲಿ ಬೀಜಾಣುಗಳ ಜೊತೆ ಹರಳಿನಂಥ ಪ್ರೋಟೀನ್ ಇರುತ್ತದೆ. ಮೈಗೆ ತಾಗಿದರೆ ಹುಳ ಸಾಯಲ್ಲ, ಎಲೆ ಜೊತೆ ತಿನ್ನಬೇಕು. ಪತಂಗದ ಹುಳಗಳ ಕರುಳಿನಲ್ಲಿ ಕ್ಷಾರ ಜಾಸ್ತಿ. ಅಲ್ಲಿ ಹರಳು ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತದೆ. ನಮ್ಮ ಕರುಳಿನಲ್ಲಾಗಲಿ ದನದ ಕರುಳಿನಲ್ಲಾಗಲಿ ಅದಕ್ಕೆ ಅಂಟುವ ಜಾಗವಿಲ್ಲ. ಸೈನಿಕ ಹುಳ, ರೇಷ್ಮೆ ಹುಳ ಎರಡೂ ಪತಂಗದ ಮರಿಗಳೇ ಅಲ್ವಾ? ಈ ಪುಡಿಗೆ ಕಳ್ಳ ಯಾರು, ಮನೆಮಗ ಯಾರು ಅಂತ ಗೊತ್ತಾಗಲ್ಲ. ಕೆನಡಾದಲ್ಲಿ ಸ್ಪ್ರೂಸ್ ಮರ ತಿನ್ನುವ ಹುಳಕ್ಕೆ ಕಾಡಿನ ಮೇಲೆ ವಿಮಾನದಲ್ಲಿ ಇದನ್ನೇ ಎರಚುತ್ತಾರೆ. ಆಗ ಬೇರೆ ಚಿಟ್ಟೆಗಳ ಮರಿಗಳಿಗೂ ಪೆಟ್ಟು ಬೀಳುತ್ತದೆ.

ಈಗಿನ ಗಾಳಿ ಪಡುವಣದಿಂದ ಬೀಸುತ್ತದೆ, ಸೀದಾ ಅವರ ಸೊಪ್ಪಿನ ಮೇಲೆ. ದಯವಿಟ್ಟು ಹೊಡೆಯಬೇಡಿ. ಪ್ಯಾಕೆಟ್ ಒಡೆದಿಲ್ಲ ಅಂದರೆ ವಾಪಸ್ ಕೊಡಿ.

ಚನ್ನಗಿರಿ ಅಡಿಕೆ:
ನಮ್ಮ ಸುತ್ತ ರೇಷ್ಮೆ ಇಲ್ಲ. ಹೋದ ವರ್ಷ ಇದೇ ಪುಡಿ ಹೊಡೆದೆ, ಅರ್ಧ ಹೊಲದಲ್ಲಿ ಹುಳ ಹಾಗೇ ಇತ್ತು. ಡೂಪ್ಲಿಕೇಟ್ ಇರಬಹುದಾ?

ಭರಮಸಾಗರ ರೇಷ್ಮೆ:
ಯಾವ ಹೊತ್ತಲ್ಲಿ ಹೊಡೆದಿರಿ ಸರ್? ಬಿಸಿಲಿಗೆ ಇದರ ಶಕ್ತಿ ಬೇಗ ಹೋಗುತ್ತದೆ. ಸಂಜೆ ಹೊಡೆಯಬೇಕು, ಲೀಟರಿಗೆ 2 ಗ್ರಾಂ, ನಾಜಲ್ ಸುಳಿಯೊಳಕ್ಕೆ ಹಿಡಿದು. ಹುಳ ಇನ್ನೂ ಎಳೆಯದಾಗಿರುವಾಗಲೇ ಆಗಬೇಕು. ಸುಳಿ ತುಂಬ ಮರದ ಪುಡಿಯಂಥ ಹಿಕ್ಕೆ ಕಂಡರೆ ಹುಳ ಬಲಿತಿದೆ, ಆಗ ಇದರಿಂದ ಜಾಸ್ತಿ ಪ್ರಯೋಜನ ಇಲ್ಲ. ಇನ್ನೊಂದು, ತಿಂದ ಹುಳ ಕೆಲವೇ ಗಂಟೆಗಳಲ್ಲಿ ಮೇಯುವುದು ಬಿಡುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಮಾರನೇ ಬೆಳಿಗ್ಗೆಯೇ ಹುಳ ಬದುಕಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಜಗಳೂರು ಜೋಳ:
ಹಾಗಾದರೆ ನಾನು ಮತ್ತೆ ಎಮಾಮೆಕ್ಟಿನ್‌ಗೇ ಹೋಗಬೇಕಾ?

ಭರಮಸಾಗರ ರೇಷ್ಮೆ:
ಅಯ್ಯೋ, ಅದೂ ರೇಷ್ಮೆಗೆ ವಿಷವೇ, ಜೇನಿಗೂ ವಿಷ. ತಮಾಷೆ ನೋಡಿ, ಅದರ ಮೂಲವೂ ಬ್ಯಾಕ್ಟೀರಿಯಾ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್‌ನಿಂದ ಅವರ್ಮೆಕ್ಟಿನ್ ಬಂತು, ಅದನ್ನು ಬದಲಿಸಿ ಎಮಾಮೆಕ್ಟಿನ್ ಮಾಡಿದರು. ಅವರ್ಮೆಕ್ಟಿನ್‌ಗಾಗಿ ಜಪಾನಿನ ವಿಜ್ಞಾನಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಕೂಡ ಬಂತು.

ನಿಮ್ಮ ಪೈರು ಇನ್ನೂ ಎಳೆಯದು. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಚಿಟಿಕೆ ಚಿಟಿಕೆ ಸುಳಿಗೆ ಹಾಕಿಸಿ. ಎಲೆ ಮೇಲಿನ ಮೊಟ್ಟೆ ಗುಂಪು ಕಂಡಲ್ಲೇ ಹೊಸಕಿ. ಕೂಲಿ ಬೀಳುತ್ತದೆ, ನಿಜ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಫೋನ್ ಮಾಡಿ, ರೇಷ್ಮೆ ಪಕ್ಕದಲ್ಲಿದೆ ಅಂತ ಮೊದಲೇ ಹೇಳಿ.

ಜಗಳೂರು ಜೋಳ:
ಪಕ್ಕದವರನ್ನು ಕೇಳಿದೆ ಅಣ್ಣ. ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ ಎದ್ದಿವೆಯಂತೆ, ಹಣ್ಣಾಗಿ ಗೂಡು ಕಟ್ಟಲು ಇನ್ನೊಂದು ವಾರ. ಪುಡಿ ವಾಪಸ್ ಕೊಡುತ್ತೇನೆ. ಮರಳು ಸುಣ್ಣ ಹಾಕಲು ಅವರ ಮನೆಯವರೂ ಬರುತ್ತೇವೆ ಅಂದಿದ್ದಾರೆ.