ಲೇಟೆನ್ಸಿಗೆ ‘ವಿಳಂಬ’ ಸರಿಯಾದ ಪದವೇ?

ಉಪಗ್ರಹ ಇಂಟರ್‌ನೆಟ್ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ಲೇಟೆನ್ಸಿ (ಕಳಿಸಿದ ಡೇಟಾ ಆ ತುದಿ ಮುಟ್ಟಲು ಹಿಡಿಯುವ ಕಾಲ) ಬಂದ ಕಡೆಯೆಲ್ಲ ‘ವಿಳಂಬ’ ಎಂದಿದೆ, ಒಂದು ಕಡೆ ಮಾತ್ರ ‘ಸುಪ್ತತೆ’. ಸುಪ್ತತೆಯನ್ನು ಕೂಡಲೇ ಹೊಡೆದುಹಾಕಿದೆ. ಸುಪ್ತ ಎಂದರೆ ಒಳಗೆ ಮಲಗಿರುವುದು. ರೋಗಕ್ಕೋ ಪ್ರತಿಭೆಗೋ ಆ ಮಾತು ಒಪ್ಪುತ್ತದೆ. ಸಿಗ್ನಲ್ ಮಲಗಿಲ್ಲ, ಬೆಳಕಿನ ವೇಗದಲ್ಲಿ ಓಡುತ್ತಿದೆ.

ನನ್ನ ತಕರಾರು ‘ವಿಳಂಬ’ದ ಮೇಲೆ. ಈ ಪದ ಕೇಳಿದರೆ, ಬರಬೇಕಾದ ಹೊತ್ತಿಗೆ ಬರಲಿಲ್ಲ, ಎಲ್ಲೋ ಏನೋ ಕೆಟ್ಟಿದೆ ಅನ್ನಿಸುತ್ತದೆ ಅಲ್ವಾ? ಭೂಸ್ಥಿರ ಉಪಗ್ರಹ, ಅಂದರೆ ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ, ಇರುವುದು ಸಮಭಾಜಕದ ನೆತ್ತಿಯ ಮೇಲೆ, 35,786 ಕಿ.ಮೀ. ಎತ್ತರದಲ್ಲಿ. ಸಿಗ್ನಲ್ ಅಲ್ಲಿಗೆ ಹತ್ತಿ ಕೆಳಗಿಳಿಯಲು ಕಡಿಮೆಯೆಂದರೂ 0.24 ಸೆಕೆಂಡ್ ಬೇಕು. ಉತ್ತರವೂ ಅದೇ ದಾರಿಯಲ್ಲಿ ಬಂದರೆ ಇನ್ನೂ ಅಷ್ಟೇ. ಇಲ್ಲಿ ಯಾರೂ ತಡ ಮಾಡಿಲ್ಲ, ದಾರಿಯೇ ಅಷ್ಟು ಉದ್ದ. 550 ಕಿ.ಮೀ. ಎತ್ತರದ ಉಪಗ್ರಹವಾದರೆ ಹತ್ತಿ ಇಳಿಯುವ ಕೆಲಸ ಸುಮಾರು 4 ಮಿಲಿಸೆಕೆಂಡಿನಲ್ಲೇ ಮುಗಿಯಬಹುದು.

ಭೂಸ್ಥಿರ ಉಪಗ್ರಹದ ಮೂಲಕ ಫೋನಿನಲ್ಲಿ ಮಾತಾಡಿದವರಿಗೆ ಇದು ಚೆನ್ನಾಗಿ ಗೊತ್ತು. ನಾವು ಕೇಳುತ್ತೇವೆ, ಆ ಕಡೆ ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೆ ಶುರು ಮಾಡುವಾಗಲೇ ಉತ್ತರ ಬಂದು ಮಾತಿನ ಮೇಲೆ ಬೀಳುತ್ತದೆ. ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ‘ನೀವು ಹೇಳಿ’, ‘ಇಲ್ಲ, ನೀವೇ ಹೇಳಿ’. ಧ್ವನಿ ಮಾತ್ರ ಸ್ವಚ್ಛವಾಗಿಯೇ ಇರುತ್ತದೆ. ಅದಕ್ಕೇ ಇದನ್ನು ‘ವೇಗ ಕಡಿಮೆ’ ಎನ್ನುವುದೂ ಸರಿಯಲ್ಲ. ಒಂದು ಸೆಕೆಂಡಿಗೆ ಎಷ್ಟು ಡೇಟಾ ಹರಿಯುತ್ತದೆ ಎನ್ನುವುದು ಬೇರೆ, ಮೊದಲ ಹನಿ ಯಾವಾಗ ಮುಟ್ಟುತ್ತದೆ ಎನ್ನುವುದು ಬೇರೆ.

ಮೊದಲು ‘ತಲುಪುಹೊತ್ತು’ ಎಂದು ಬರೆದು ನೋಡಿದೆ. ಆದರೆ ‘ರೈಲು ತಲುಪುವ ಹೊತ್ತು’ ಎಂದರೆ ಗಡಿಯಾರದ ಗಂಟೆ, ಪ್ರಯಾಣಕ್ಕೆ ಹಿಡಿದ ಕಾಲವಲ್ಲ. ಗೊಂದಲವಾಗುತ್ತದೆ ಎಂದು ಬಿಟ್ಟೆ. ಈಗ ‘ಸಾಗುಹೊತ್ತು’ ಹಿಡಿಸಿದೆ. ‘ಸಾಗುಹೊತ್ತು ಕಡಿಮೆ ಇರುವ ಜಾಲ’ ಎಂದರೆ ಬಾಯಿಗೂ ಸಲೀಸು. ಹೋಗಿ ಬರುವ ಒಟ್ಟು ಕಾಲಕ್ಕೆ ‘ಹೋಗಿಬರುವ ಹೊತ್ತು’ ಸಾಕು. ಆನ್‌ಲೈನ್ ಆಟ ಆಡುವವರು ‘ಪಿಂಗ್ ಜಾಸ್ತಿ’ ಎನ್ನುವುದು ಇದನ್ನೇ.

ಇನ್ನೊಂದು ತೊಡಕಿದೆ. ಲೇಟೆನ್ಸಿಯಲ್ಲಿ ಬರೀ ಸಾಗುವುದಷ್ಟೇ ಇಲ್ಲ. ದಾರಿ ತೋರಿಸಿ ಮುಂದೆ ಕಳಿಸುವ ರೌಟರುಗಳಲ್ಲಿ ಡೇಟಾ ಸಾಲುಗಟ್ಟಿ ಕಾಯುತ್ತದೆ. ಆ ಕಾಯುವಿಕೆಯನ್ನು ವಿಳಂಬ ಎಂದರೆ ನನ್ನ ಒಪ್ಪಿಗೆ ಇದೆ, ದಟ್ಟಣೆ ಇಳಿದರೆ ಅದೂ ಇಳಿಯುತ್ತದೆ. ಸಾಗುವುದು, ಕಾಯುವುದು ಎರಡೂ ಸೇರಿದ ಮೊತ್ತಕ್ಕೂ ‘ಸಾಗುಹೊತ್ತು’ ಎಂದರೆ ನಡೆಯುತ್ತದೆಯೇ? ಅಥವಾ ಮೊತ್ತಕ್ಕೆ ಲೇಟೆನ್ಸಿ ಎಂದೇ ಉಳಿಸಿಕೊಂಡು, ಒಳಗಿನ ಎರಡಕ್ಕೆ ಮಾತ್ರ ‘ಸಾಗುಹೊತ್ತು’, ‘ಕಾಯುಹೊತ್ತು’ ಎನ್ನೋಣವೇ? ಜಾಲದ ಕೆಲಸದಲ್ಲಿ ಇರುವವರು ದಿನವೂ ಏನು ಹೇಳುತ್ತೀರಿ, ತಿಳಿಸಿ.