ಸಂವೇದಕ ಕೂರಿಸಿದವರು ಅನುಭವ ಹೇಳಿ: ಅಂಟೋ, ಬೋಲ್ಟೋ?

ಹೊಸಬ: ಐದು ಮಹಡಿಯ ಹಳೆಯ ಕಟ್ಟಡಕ್ಕೆ ಆರು ಆಕ್ಸೆಲೆರೋಮೀಟರ್ (ನಡುಕ ಅಳೆಯುವ ಸಂವೇದಕ) ಕೂರಿಸುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಪಕ್ಕದ ನಿವೇಶನದಲ್ಲಿ ಅಡಿಪಾಯ ತೋಡಲಿದ್ದಾರೆ. ಎಲ್ಲ ಮೆಮ್ಸ್, ಅಂದರೆ ಸಿಲಿಕಾನ್ ಚಿಪ್‌ನಲ್ಲೇ ಕೆತ್ತಿದ ಪುಟ್ಟ ಸಂವೇದಕಗಳು; ಅಳತೆ ಸರಿಯಿದೆಯೆಂಬ ಕಾರ್ಖಾನೆಯ ಕ್ಯಾಲಿಬ್ರೇಷನ್ ಪತ್ರ ಜೊತೆಗಿದೆ. ಅದನ್ನು ನಂಬಬಹುದೇ? ಗೋಡೆಗೆ ಅಂಟಿಸಲೇ, ಬೋಲ್ಟ್ ಹಾಕಲೇ? ಎರಡು ವರ್ಷ ನಡೆಸಬೇಕು.

ಆರು ಮುಖ: ಪತ್ರವನ್ನು ನಂಬಿ ಕೆಟ್ಟವನು ನಾನು. ಪೆಟ್ಟಿಗೆ ಬಿಚ್ಚಿದ ದಿನವೇ ಪ್ರತಿಯೊಂದನ್ನೂ ಆರು ಮಗ್ಗುಲಿಗೂ ಮಲಗಿಸಿ ಓದಿಕೊಳ್ಳಬೇಕಿತ್ತು. ಅರ್ಧ ಗಂಟೆಯ ಕೆಲಸ. ಮಾಡಲಿಲ್ಲ. ಹನ್ನೊಂದು ತಿಂಗಳಾದ ಮೇಲೆ ಒಂದನ್ನು ಕಳಚಿ ತಿರುಗಿಸಿದರೆ ನೆಟ್ಟಗೆ ಇಟ್ಟಾಗ 1.00 ಜಿ (ಭೂಮಿಯ ಸೆಳೆತದಷ್ಟು), ತಲೆಕೆಳಗಾಗಿಸಿದಾಗ −1.00 ಬರಬೇಕಾದಲ್ಲಿ −0.94. ಅಂದರೆ ಸಂವೇದನೆ 1ರ ಬದಲು 0.97, ಸೊನ್ನೆ 0.03ರಷ್ಟು ಜರುಗಿದೆ. ಸಾಗಣೆಯಲ್ಲಿ ಬಿದ್ದಿತ್ತೋ, ನಮ್ಮ ಹುಡುಗರೇ ಬೀಳಿಸಿದರೋ, ಯಾರೂ ಒಪ್ಪಲಿಲ್ಲ. ನಲವತ್ತೇಳು ವಾರದ ವರದಿಗಳನ್ನು ಒಬ್ಬನೇ ಕೂತು ತಿದ್ದಿದೆ.

ತೂತು ಕೊರೆದವನು: ಬೋಲ್ಟ್. ಎರಡು ಮಾತಿಲ್ಲ. ನಾನು ಎಪಾಕ್ಸಿ ಹಚ್ಚಿ, ತೆಳು ತಗಡಿನ ಬ್ರಾಕೆಟ್ ಮೇಲೆ ಕೂರಿಸಿದ್ದೆ. ದತ್ತಾಂಶದಲ್ಲಿ 38 ಹರ್ಟ್ಸ್ (ಸೆಕೆಂಡಿಗೆ 38 ಸಲದ ನಡುಕ) ಬಳಿ ಎಂಥ ಚೂಪಾದ ಶಿಖರ ಬಂತೆಂದರೆ, ಅದು ಕಟ್ಟಡದ್ದೇ ಎಂದು ಮೂರು ಪುಟ ಬರೆದುಬಿಟ್ಟೆ. ಅದು ಬ್ರಾಕೆಟ್ಟಿನ ನಡುಕ! ಮುಂದಿನ ತಿಂಗಳು ಎಪಾಕ್ಸಿ ಬಣ್ಣದ ಪದರವನ್ನೇ ಕಿತ್ತುಕೊಂಡು ಸಂವೇದಕದ ಸಮೇತ ನೆಲಕ್ಕೆ ಬಂತು. ಆಮೇಲೆ ನಾಲ್ಕು ಸಲ ಓಡಾಟ, ಎರಡು ಸಲ ಅಟ್ಟಣಿಗೆ, ಕಬ್ಬಿಣದ ಸರಳಿಗೆ ತಾಗಿ ಮುರಿದ ಡ್ರಿಲ್ ಬಿಟ್ ಎರಡು.

ಹೆಬ್ಬೆರಳು: ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಬಣ್ಣದ ಮೇಲೆ ಅಂಟಿಸಿದ್ದು ನೀವು, ಬೈಗುಳ ಅಂಟಿಗೆ. ಉಕ್ಕಿನ ತೊಲೆಗೆ ನಾನು ಅರವತ್ತು ಸ್ಟ್ರೇನ್ ಗೇಜ್ (ಹಿಗ್ಗು-ಕುಗ್ಗು ಅಳೆಯುವ ತೆಳು ಪಟ್ಟಿ) ಅಂಟಿಸಿದ್ದೇನೆ. ಲೋಹ ಹೊಳೆಯುವವರೆಗೆ ಉಜ್ಜಿ, ಜಿಡ್ಡು ತೆಗೆದು, ಸಯನೋಅಕ್ರಿಲೇಟ್ ಅಂಟು ಹಾಕಿ ಒಂದು ನಿಮಿಷ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಮುಗಿಯಿತು. ಕೈಕೊಟ್ಟದ್ದು ಒಂದೇ, ಅದೂ ಅಂಟಿನಿಂದಲ್ಲ. ಕತ್ತಲಾಯಿತೆಂದು ಅದರ ಮೇಲೆ ನೀರು ತಡೆಯುವ ಬ್ಯುಟೈಲ್ ರಬ್ಬರ್ ಹೊದಿಕೆ ಹಾಕದೆ ಇಳಿದಿದ್ದೆ. ಮಳೆ ಬಂದು ತೇವ ಒಳಗಿಳಿದು ಅಂಕಿ 400 ಮೈಕ್ರೋಸ್ಟ್ರೇನ್ (ಉದ್ದ ಹತ್ತು ಲಕ್ಷಕ್ಕೆ 400 ಪಾಲು ಬದಲಾದಂತೆ) ಜಾರಿತು. ತೊಲೆ ಬಿರುಕು ಬಿಟ್ಟಿದೆ ಎಂದು ರಾತ್ರೋರಾತ್ರಿ ಜನರನ್ನು ಹೊರಗೆ ಕಳಿಸಿದರು. ಆ ರಾತ್ರಿ ನನ್ನ ಫೋನಿಗೆ ಬಂದ ಕರೆಗಳು ಮೂವತ್ತೊಂದು.

ತೂತು ಕೊರೆದವನು: ಅವರು ಕೇಳಿದ್ದು ಆಕ್ಸೆಲೆರೋಮೀಟರ್ ಬಗ್ಗೆ, ಗೋಡೆಯ ಬಗ್ಗೆ. ನೀವು ಅರವತ್ತು ಗೇಜಿನ ಪುರಾಣ ಓದುತ್ತಿದ್ದೀರಿ. ಇಲ್ಲಿನ ಹಿಂದಿನ ಅರ್ತಿಂಗ್ ಚರ್ಚೆಯಲ್ಲೂ ಹೀಗೆಯೇ ಮಾಡಿದ್ದಿರಿ.

ಹೆಬ್ಬೆರಳು: ಅರ್ತಿಂಗ್ ಚರ್ಚೆಯಲ್ಲಿ ಕೇಬಲ್ ಕವಚವನ್ನು ಎರಡೂ ತುದಿಯಲ್ಲಿ ಭೂಮಿಗೆ ಕಟ್ಟಿ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ತಂದುಕೊಂಡವರು ಯಾರು ಎಂಬುದು ಎಲ್ಲರಿಗೂ ನೆನಪಿದೆ.

ಸುರುಳಿ: ಮೆಮ್ಸ್ ಕೊಂಡದ್ದೇ ತಪ್ಪು. ರಾತ್ರಿ ಕಟ್ಟಡ ಸುಮ್ಮನಿದ್ದಾಗಿನ ನಡುಕ ಮೈಕ್ರೋ-ಜಿ ಲೆಕ್ಕದ್ದು. ಅಗ್ಗದ ಮೆಮ್ಸ್‌ನ ಸ್ವಂತ ನಾಯ್ಸ್ (ಒಳಗಿನ ಗದ್ದಲ) ಅದನ್ನು ನುಂಗಿಹಾಕುತ್ತದೆ. ನನ್ನ ಹನ್ನೆರಡು ಈಗ ಮೇಜಿನ ಖಾನೆಯಲ್ಲಿ ಮಲಗಿವೆ. 4.5 ಹರ್ಟ್ಸ್ ಜಿಯೋಫೋನ್ (ಸುರುಳಿ, ಅಯಸ್ಕಾಂತದ ನಡುಕಮಾಪಕ) ಹಾಕಿಕೊಂಡು ನೆಮ್ಮದಿಯಾಗಿದ್ದೇನೆ.

ಆರು ಮುಖ: ಸ್ವಾಮಿ, ಐದು ಮಹಡಿಯ ಕಟ್ಟಡದ ಸಹಜ ಆವೃತ್ತಿ (ಅದು ತಾನಾಗಿ ಓಲಾಡುವ ಲಯ) ಅಂದಾಜು 2 ಹರ್ಟ್ಸ್, 4.5ಕ್ಕಿಂತ ಕೆಳಗೆ. ಅಲ್ಲಿ ನಿಮ್ಮ ಜಿಯೋಫೋನ್ ಕೊಡುವುದು ನಿಜವಾದ ನಡುಕದ ಐದರಲ್ಲೊಂದು ಪಾಲು.

ಸುರುಳಿ: ಆ ಇಳಿಕೆ ಲೆಕ್ಕಕ್ಕೆ ಸಿಗುತ್ತದೆ, ಭಾಗಿಸಿ ತಿದ್ದಿಕೊಳ್ಳುತ್ತೇನೆ.

ಆರು ಮುಖ: ರೆಕಾರ್ಡರಿನ ನಾಯ್ಸ್ ಕೂಡ ಐದು ಪಟ್ಟಾಗುತ್ತದಲ್ಲ, ಅದನ್ನು ಯಾವುದರಿಂದ ಭಾಗಿಸುತ್ತೀರಿ?

ಗೂಡು: ಎಲ್ಲ ರೆಕಾರ್ಡರುಗಳ ಗಡಿಯಾರ ಒಂದಾಗಿರಬೇಕೆಂಬ ಮಾತೇ ಯಾರೂ ಎತ್ತಲಿಲ್ಲ. ನಮ್ಮ ತಾರಸಿಯ ರೆಕಾರ್ಡರ್ ಪೆಟ್ಟಿಗೆಗೆ ಸಮಯ ತರುವ ಜಿಪಿಎಸ್ ಆಂಟೆನಾ ಮೇಲೆ ಪಾರಿವಾಳ ಗೂಡು ಕಟ್ಟಿತು. ಸಂಕೇತ ಸಿಗದಿದ್ದರೆ ಒಳಗಿನ ಸ್ಫಟಿಕ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೂ ಮೂರೂವರೆ ಗಂಟೆಯಲ್ಲಿ ಕಾಲು ಸೆಕೆಂಡ್ ಆಚೀಚೆ. 2 ಹರ್ಟ್ಸ್‌ಗೆ ಕಾಲು ಸೆಕೆಂಡ್ ಎಂದರೆ ಅರ್ಧ ಸುತ್ತು! ತಾರಸಿ ಎಡಕ್ಕೆ, ಕೆಳಗಿನ ಮಹಡಿಗಳೆಲ್ಲ ಬಲಕ್ಕೆ ಓಲಾಡುತ್ತಿರುವಂತೆ ಚಿತ್ರ ಬಂತು. ಹೊಸ ಕಂಪನ ವಿಧಾನ ಸಿಕ್ಕಿತೆಂದು ಎರಡು ವಾರ ಬೀಗಿದ್ದೆ. ಮರಿಗಳು ಹಾರುವವರೆಗೆ ಗೂಡು ತೆಗೆಯಲು ಮನಸ್ಸು ಬರಲಿಲ್ಲ, ಅದು ಬೇರೆ ಮಾತು.

ಹೆಬ್ಬೆರಳು: ತಾಪಮಾನವನ್ನೂ ಅಳೆಯಿರಿ. ಸ್ವಿಟ್ಜರ್ಲೆಂಡಿನ ಜೆಡ್24 ಸೇತುವೆಯನ್ನು 1998ರಲ್ಲಿ ಕೆಡವುವ ಮುಂಚೆ ತಿಂಗಳುಗಟ್ಟಲೆ ಅಳೆದಿದ್ದರು. ಚಳಿಗೆ ಡಾಂಬರು ಗಡುಸಾಗಿ ಸೇತುವೆಯ ಆವೃತ್ತಿಯೇ ಮೇಲೇರುತ್ತಿತ್ತು. ಬೋಲ್ಟ್ ಬಿಗಿ ಮಾಡಿದ ಮಾತ್ರಕ್ಕೆ ಇದು ತಿಳಿಯುವುದಿಲ್ಲ.

ತೂತು ಕೊರೆದವನು: ಅಂಟು ಹಚ್ಚಿದರೆ ತಿಳಿಯುತ್ತದೆಯೇ?

ಹೊಸಬ: ಆರನ್ನೂ ಮಗ್ಗುಲು ಬದಲಿಸಿ ನೋಡಿದೆ. ಐದು ಸರಿಯಿವೆ, ನಾಲ್ಕನೆಯದು ತಲೆಕೆಳಗಾದಾಗ −0.98 ತೋರಿಸಿತು. ಗೋಡೆ ಕೆರೆದೆ: ಮೂರು ಪದರ ಬಣ್ಣ, ಅದರ ಕೆಳಗೆ ಬೆರಳು ತಾಗಿದರೆ ಉದುರುವ ಗಾರೆ. ಕಾಂಕ್ರೀಟ್ ಇನ್ನೂ ಸಿಕ್ಕಿಲ್ಲ.